ನಾಲೆ ನೀರಿಗೂ ಡಾರ್ವಿನ್ ಸಾಕ್ಷಿಯೇ?

ಪ್ರಶ್ನೆ: ನಮ್ಮದು ಭದ್ರಾ ನಾಲೆಯ ಕೊನೆ ಭಾಗದ ಗದ್ದೆ. ಮೇಲಿನವರು ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾರೆ. ನನ್ನ ಭಾವಮೈದ ಎಂಎಸ್ಸಿ ಓದಿದವನು. ‘ಬಲ ಇದ್ದವನೇ ಉಳಿಯೋದು, ಡಾರ್ವಿನ್ ಹೇಳಿದ್ದು ಅದನ್ನೇ. ವ್ಯಾಪಾರ, ರಾಜಕೀಯ ಎಲ್ಲಾ ಅಷ್ಟೇ’ ಅಂತಾನೆ. ಹೌದೇ?
– ಒಬ್ಬ ರೈತ, ಹರಿಹರ ತಾಲ್ಲೂಕು

ಉತ್ತರ: ನಿಮ್ಮ ಭಾವಮೈದನ ಗದ್ದೆ ನಾಲೆಯ ಮೇಲ್ಭಾಗದಲ್ಲೇ ಇರಬೇಕು, ಅಲ್ವಾ?

ಅವನು ಹೇಳುತ್ತಿರುವುದು ‘ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್’, ಅಂದರೆ ತಕ್ಕವರೇ ಉಳಿಯುತ್ತಾರೆ ಎಂಬ ಘೋಷಣೆ. ಅದನ್ನು ಹುಟ್ಟಿಸಿದ್ದು ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ಡಾರ್ವಿನ್ ಆಮೇಲೆ ಎರವಲು ಪಡೆದರು. 1871ರ ಪುಸ್ತಕದಲ್ಲಿ ಅದೇ ಡಾರ್ವಿನ್, ಒಬ್ಬರಿಗೊಬ್ಬರು ನೆರವಾಗುವವರು ಜಾಸ್ತಿ ಇರುವ ಪಂಗಡವೇ ಉಳಿದ ಪಂಗಡಗಳನ್ನು ಗೆಲ್ಲುತ್ತದೆ ಎಂದೂ ಬರೆದಿದ್ದಾರೆ. ಭಾವಮೈದ ಅಲ್ಲಿಯವರೆಗೆ ಓದಿಲ್ಲ.

ದಾವಣಗೆರೆ ಸುತ್ತ ಕೋಳಿ ಫಾರಂ ಇಟ್ಟವರಿಗೆ ಇದು ಬೇಗ ಅರ್ಥವಾದೀತು. ಅಮೆರಿಕದ ತಳಿ ವಿಜ್ಞಾನಿ ವಿಲಿಯಂ ಮ್ಯೂರ್ 1990ರ ದಶಕದಲ್ಲಿ ಒಂದೊಂದು ಕೋಳಿಯ ಲೆಕ್ಕ ಬಿಟ್ಟು, ಇಡೀ ಪಂಜರದ ಲೆಕ್ಕ ನೋಡಿ ತಳಿ ಆರಿಸಿದರು. ಕೆಲವೇ ತಲೆಮಾರಿನಲ್ಲಿ ಕುಕ್ಕಿ ಸಾಯಿಸುವುದು ತಗ್ಗಿತು, ಮೊಟ್ಟೆ ಹೆಚ್ಚಿತು. ಪ್ರಕೃತಿಯಲ್ಲೂ ಹೀಗೆ ಗುಂಪಿಗೆ ಗುಂಪೇ ಆಯ್ಕೆಯಾಗುತ್ತದೆಯೇ ಎಂಬ ಬಗ್ಗೆ ಜೀವವಿಜ್ಞಾನಿಗಳಲ್ಲೇ ಜಗಳ ಇದೆ, ಅದಿರಲಿ.

ನಿಮಗೆ ಬೇಕಾದ್ದು ನೇಪಾಳದ ಕಥೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಜೊತೆಗಾರರು ಅಲ್ಲಿನ ನಾಲೆಗಳನ್ನು ಹೋಲಿಸಿ ನೋಡಿದರು. ರೈತರೇ ನಡೆಸುವ ನಾಲೆಗಳಲ್ಲಿ ಒಡ್ಡು ಕಲ್ಲು, ಮಣ್ಣು, ಮರದ್ದು. ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ. ಮತ್ತೆ ಕಟ್ಟೋಕೆ, ಹೂಳೆತ್ತೋಕೆ ಕೊನೆ ಭಾಗದವರೂ ಗುದ್ದಲಿ ಹಿಡಿದು ಬರಬೇಕು. ಅವರಿಗೆ ನೀರು ಬಿಡದಿದ್ದರೆ ಅವರು ಯಾಕೆ ಬಂದಾರು? ಹಾಗಾಗಿ ನೀರು ಕೆಳಕ್ಕೂ ಇಳಿಯುತ್ತಿತ್ತು. ಗಟ್ಟಿ ಕಾಂಕ್ರೀಟ್ ಒಡ್ಡು ಬಂದ ಹಲವು ಕಡೆ ಮೇಲಿನವರಿಗೆ ಕೆಳಗಿನವರ ಹಂಗು ತಪ್ಪಿತು. ನೀರಿನ ಪಾಲೂ ಕೆಟ್ಟಿತು. ಜನ ಅವರೇ, ರಕ್ತ ಅದೇ! ಇಂಥ ಹಂಚಿಕೆ ಸರಿಯಾಗಿ ನಡೆಯಲು ಆಸ್ಟ್ರಮ್ ಗುರುತಿಸಿದ ನಿಯಮಗಳನ್ನು ಜೀವವಿಜ್ಞಾನಿ ಡೇವಿಡ್ ಸ್ಲೋನ್ ವಿಲ್ಸನ್ ಡಾರ್ವಿನ್ ಹೇಳಿದ ವಿಕಾಸದ ಲೆಕ್ಕಕ್ಕೆ ಹೊಂದಿಸಿದ್ದು ಆಮೇಲೆ, ಆಸ್ಟ್ರಮ್ ಜೊತೆಗೇ ಸೇರಿ.

ಪ್ರಶ್ನೆ: ಹಾಗಾದ್ರೆ ಕಾಂಕ್ರೀಟ್ ಒಡೀಬೇಕೇ?
– ಅದೇ ರೈತ (ಫೋನಿನಲ್ಲಿ)

ಉತ್ತರ: ಮಾರಾಯ್ರೇ, ಬೇಡ! ಭದ್ರೆಯಂಥ ದೊಡ್ಡ ನಾಲೆಯನ್ನು ಊರಿನವರು ಗುದ್ದಲಿಯಿಂದ ನಡೆಸೋಕಾಗಲ್ಲ. ಆದರೆ ನಿಮ್ಮ ತೂಬಿನ ಕೆಳಗಿನ ಹೊಲಗಾಲುವೆ ನಿಮ್ಮ ಕೈಯಲ್ಲೇ ಇದೆ. ನೀರು ಬಳಕೆದಾರರ ಸಂಘದಲ್ಲಿ ಸರದಿ ನೀವೇ ಬರೆಯಿರಿ. ಕಾವಲಿಗೆ ಕೊನೆ ಭಾಗದವರನ್ನೂ ಹಾಕಿ. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ಜಾಸ್ತಿ. ಇದೂ ಆಸ್ಟ್ರಮ್ ಕಂಡದ್ದೇ. ಸಭೆಗೆ ಭಾವಮೈದನನ್ನೂ ಕರೆಯಿರಿ, ಸರದಿ ಪಟ್ಟಿ ಬರೆಯೋಕೆ ಎಂಎಸ್ಸಿ ಉಪಯೋಗಕ್ಕೆ ಬಂದೀತು.