ಅದು ಕಣಜ ಕಚ್ಚಿದ್ದಲ್ಲ

ಸಾಗರದ ಕಡೆಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ವಯಸ್ಸು 23, ಬಿಎಸ್ಸಿ ಮುಗಿದಿದೆ. ಹಾವು, ಓತಿಕ್ಯಾತ, ಹಾವುರಾಣಿ ಅಂದರೆ ಪ್ರಾಣ. ಪಶ್ಚಿಮ ಘಟ್ಟದಲ್ಲಿ ನಡೆಯುವ ಒಂದು ತಿಂಗಳ ಸರೀಸೃಪ ಸಮೀಕ್ಷೆಗೆ ಅರ್ಜಿ ಹಾಕಿ ಮೊದಲ ಸುತ್ತು ದಾಟಿದ್ದಾನೆ. ಈಗ ಎರಡು ನಿಮಿಷದ ವಿಡಿಯೊ ಕಳಿಸಬೇಕು. ಅಮ್ಮ ಮಾತ್ರ ಬೇಡವೇ ಬೇಡ ಅನ್ನುತ್ತಿದ್ದಾರೆ. 'ಇಂಟರ್‌ವ್ಯೂ ಅಂತ ಸುಳ್ಳು ಹೇಳಿ ಹೋಗ್ಲಾ? ವಿಡಿಯೊದಲ್ಲಿ ನಾಗರಹಾವು ಹಿಡಿದು ತೋರಿಸಿದರೆ ಸೀಟು ಗ್ಯಾರಂಟಿ ಅಂತ ನಮ್ಮೂರಿನ ಹಾವು ಹಿಡಿಯೋ ಅಣ್ಣ ಹೇಳ್ತಾನೆ, ಮಾಡ್ಲಾ?' ಇದು ಅವನ ಪ್ರಶ್ನೆ.

ನೋಡಪ್ಪಾ, ನಿನ್ನ ವಯಸ್ಸಿನ ಮಗ ನನಗೂ ಇದ್ದಾನೆ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಪ್ರಶ್ನೆಗಳಿಗಿಂತ ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. 'ಹೋದ ಮಳೆಗಾಲ ತೋಟದಲ್ಲಿ ಸಣ್ಣ ಪಿಟ್ ವೈಪರ್ ಬೆರಳಿಗೆ ತಾಗಿತ್ತು, ಮೂರು ದಿನ ಕೈ ಊದಿತ್ತು, ಅಮ್ಮನಿಗೆ ಕಣಜ ಕಚ್ಚಿದ್ದು ಅಂದೆ, ಅರ್ಜಿಯಲ್ಲೂ ಹಾವು ಕಚ್ಚಿಲ್ಲ ಅಂತಲೇ ಹಾಕಿದ್ದೇನೆ.' ತಾಗಿತ್ತು! ಪಿಟ್ ವೈಪರ್ ಅಂದರೆ ವಿಷದ ಹಾವು, ಅದು ಕಚ್ಚಿದ್ದು ಮಾರಾಯ.

ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಆಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಘಟ್ಟದ ಹಂಪ್ ನೋಸ್ಡ್ ಪಿಟ್ ವೈಪರ್‌ಗೆ ಅದು ನಾಟುವುದಿಲ್ಲ, ಅದು ಕಚ್ಚಿ ಕಿಡ್ನಿ ಕೆಟ್ಟವರಿದ್ದಾರೆ. ಇನ್ನೊಂದು ವಿಷಯ, ಒಮ್ಮೆ ಕಚ್ಚಿಸಿಕೊಂಡ ಕೆಲವರಿಗೆ ಆ ವಿಷಕ್ಕೇ ಅಲರ್ಜಿ ಹುಟ್ಟುತ್ತದೆ, ಮುಂದಿನ ಸಲ ಚೂರು ವಿಷ ಹೋದರೂ ಉಸಿರು ಕಟ್ಟಬಹುದು. ಅರ್ಜಿಯಲ್ಲಿ ಆ ಪ್ರಶ್ನೆ ಇರುವುದೇ ಇದಕ್ಕೆ.

ಜೋ ಸ್ಲೊವಿನ್ಸ್ಕಿ ಹೆಸರು ನೀನು ಕೇಳಿರುತ್ತೀಯ. ಅಮೆರಿಕದ ಹಾವು ತಜ್ಞ. 2001ರ ಸೆಪ್ಟೆಂಬರ್‌ನಲ್ಲಿ ಉತ್ತರ ಮ್ಯಾನ್ಮಾರಿನ ಕಾಡಿಗೆ ತಂಡ ಕಟ್ಟಿಕೊಂಡು ಹೋಗಿದ್ದ. ವಿಷವಿಲ್ಲದ ಹಾವು ಅಂದುಕೊಂಡು ಚೀಲಕ್ಕೆ ಕೈ ಹಾಕಿದ. ಒಳಗಿದ್ದದ್ದು ಕಟ್ಟುಹಾವಿನ ಜಾತಿಯದು. ಹವೆ ಕೆಟ್ಟು ಹೆಲಿಕಾಪ್ಟರ್ ಬರಲಿಲ್ಲ. ಅವನ ಉಸಿರು ನಿಂತ ಮೇಲೆ ಜೊತೆಯವರು ಸರದಿಯಲ್ಲಿ ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರು ತುಂಬಿದರು. ಆದರೂ ಮರುದಿನ ತೀರಿಕೊಂಡ. ನನಗೆ ಅವನಿಗಿಂತ ಆ ಜೊತೆಯವರೇ ಜಾಸ್ತಿ ನೆನಪಾಗುತ್ತಾರೆ. ನಾಳೆ ನಿನ್ನನ್ನು ಹೊತ್ತುಕೊಂಡು ಓಡಬೇಕಾದವರಿಗೆ ನಿನ್ನ ಮೈಯ ವಿಷಯ ಗೊತ್ತಿರಬೇಕು ಅಲ್ವಾ?

ನನ್ನ ಸಿಟ್ಟೆಲ್ಲ ನಿನ್ನ ಆ ಅಣ್ಣನ ಮೇಲೆ. ಊದಿದ ಕೈ ನೋಡಿ 'ಮೊದಲ ಕಡಿತ ಅಂದ್ರೆ ದೀಕ್ಷೆ ಆದ ಹಾಗೆ' ಅಂದನಂತೆ. ಬೈಕ್ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಬದಲು! ಅವನ ಸಹವಾಸ ಬಿಡು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯೇ, ನಾಗರಹಾವಿನ ವಿಡಿಯೊ ಕಳಿಸಿದರೆ ನಿನ್ನ ಮೇಲೆ ನೀನೇ ಸಾಕ್ಷಿ ಕೊಟ್ಟ ಹಾಗೆ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಪ್ರಾಣಿಯನ್ನು ಪ್ರೀತಿಸುವವರ ಕೈ ಜೇಬಿನಲ್ಲಿರಬೇಕು, ಕಣ್ಣು ತೆರೆದಿರಬೇಕು. 2024ರಲ್ಲಿ ನಮ್ಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಅಂತ ತೀರ್ಮಾನವಾಗಿ ಅದಕ್ಕೆ ಒಫಿಯೋಫೇಗಸ್ ಕಾಳಿಂಗ ಅಂತ ಹೆಸರು ಬಿತ್ತಲ್ಲ, ಕನ್ನಡದ್ದೇ ಹೆಸರು, ಎಷ್ಟು ಖುಷಿಯಾಯಿತು! ಮೈಮೇಲಿನ ಪಟ್ಟೆ ಎಣಿಸಿ, ಡಿಎನ್‌ಎ ಹೋಲಿಸಿ, ತಾಳ್ಮೆಯಿಂದ ಮಾಡಿದ ಕೆಲಸ ಅದು. ನಿನ್ನ ಹತ್ತಿರ ಆರು ವರ್ಷದ ನೋಟ್‌ಬುಕ್ ಇದೆ ಅಂತೀಯ, ಯಾವ ತಿಂಗಳು ಕೇರೆಹಾವು ಎಲ್ಲಿ ಕಂಡಿತು ಅಂತೆಲ್ಲ ಬರೆದಿಟ್ಟಿದ್ದೀಯ. ವಿಡಿಯೊದಲ್ಲಿ ಅದನ್ನು ತೆರೆದು ತೋರಿಸು.

ಅಮ್ಮನ ವಿಷಯ. ಅವರು ಹೆದರಿದ್ದು ಹಾವಿಗೆ ಅಂತ ನೀನು ಅಂದುಕೊಂಡಿದ್ದೀಯ. ಮೂರು ದಿನ ಊದಿದ ಕೈ ನೋಡಿದ ತಾಯಿಗೆ ಕಣಜದ ಕಥೆಯ ಮೇಲೆ ನಂಬಿಕೆ ಬಂದಿರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ.

ಒಂದೇ ಕೆಲಸ ಹೇಳುತ್ತೇನೆ. ಇವತ್ತು ರಾತ್ರಿಯೇ ಸಮೀಕ್ಷೆಯವರಿಗೆ ಮೇಲ್ ಬರೆ. ಯಾವ ಹಾವು, ಯಾವಾಗ, ಎಷ್ಟು ಊತ, ಆಸ್ಪತ್ರೆಗೆ ಹೋಗಲಿಲ್ಲ, ಅರ್ಜಿಯಲ್ಲಿ ತಪ್ಪು ಹಾಕಿದ್ದೆ, ಎಲ್ಲ ಬರೆ. ಸೀಟು ಹೋದರೆ ಹೋಗಲಿ, ಮುಂದಿನ ವರ್ಷವೂ ಮಳೆ ಬರುತ್ತದೆ. ಕಳಿಸುವ ಮೊದಲು ಅಮ್ಮನ ಪಕ್ಕ ಕೂತು ಅದನ್ನು ಪೂರ್ತಿ ಓದಿ ಹೇಳು. ಆಮೇಲೆ ಕಳಿಸು.