ಕೀಝರ್ ಟ್ಯಾಪ್‌ನಲ್ಲಿ ಬರೀ ನೊರೆ ಬರುತ್ತಿದೆ, ಯಾವ ರೆಗ್ಯುಲೇಟರ್ ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಕೀಝರ್ ಅಂದರೆ ಕೆಗ್ (ಬಿಯರ್ ಪೀಪಾಯಿ) ತಣ್ಣಗಿಟ್ಟು ಟ್ಯಾಪ್‌ನಿಂದ ಬಿಯರ್ ಹಿಡಿಯಲು ಮಾಡಿಕೊಂಡ ಚೆಸ್ಟ್ ಫ್ರೀಜರ್; ರೆಗ್ಯುಲೇಟರ್ ಅಂದರೆ ಸಿಲಿಂಡರ್‌ನಿಂದ ಕೆಗ್‌ಗೆ ಹೋಗುವ ಗ್ಯಾಸಿನ ಒತ್ತಡ ಹೊಂದಿಸುವ ಸಾಧನ. ನಿಮ್ಮ ಕಥೆ ಇದು ತಾನೇ: ಚೆಸ್ಟ್ ಫ್ರೀಜರ್, ಮರದ ಕಾಲರ್ (ಮುಚ್ಚಳದ ಕೆಳಗಿನ ಹಲಗೆ ಚೌಕಟ್ಟು), ಎರಡು ಟ್ಯಾಪ್, ಲೋಟದ ತುಂಬ ನೊರೆ. ಪ್ರೆಷರ್ 5 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಇಳಿಸಿದರೂ ನೊರೆ. ಗ್ಯಾಸ್ ಸಿಲಿಂಡರ್‌ನ ಮೀಟರ್ ಮುಳ್ಳು ಬೇರೆ ಕೆಳಗಿಳಿದಿದೆ, ಹಾಗಾಗಿ ರೆಗ್ಯುಲೇಟರ್ ಮೇಲೆ ಅನುಮಾನ. ಇದಿಷ್ಟೂ ನನ್ನ ಕಥೆಯೂ ಹೌದು. ಪಾಪ, ರೆಗ್ಯುಲೇಟರ್ ಅದರ ಪಾಡಿಗೆ ಅದರ ಕೆಲಸ ಮಾಡುತ್ತಿರುತ್ತದೆ.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಬೇಸಿಗೆಯಲ್ಲಿ ನಮ್ಮ ಗರಾಜ್ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ಅಲ್ಲೇ 7 ಕ್ಯೂಬಿಕ್ ಅಡಿಯ ಫ್ರೀಜರ್ ಇಟ್ಟೆ. ಚೆಸ್ಟ್ ಫ್ರೀಜರ್‌ನ ಗೋಡೆಗೆ ತೂತು ಹೊಡೆಯುವ ಹಾಗಿಲ್ಲ, ತಂಪು ಮಾಡುವ ಕೊಳವೆಗಳೆಲ್ಲ ಆ ಗೋಡೆಯೊಳಗೇ ಓಡಾಡಿರುತ್ತವೆ. ಅದಕ್ಕೇ ಮುಚ್ಚಳ ಬಿಚ್ಚಿ, ನಡುವೆ ಎಂಟಿಂಚಿನ ಹಲಗೆಯ ಚೌಕಟ್ಟು ಕೂರಿಸಿ, ಟ್ಯಾಪ್‌ಗಳನ್ನು ಆ ಹಲಗೆಗೆ ಜೋಡಿಸಿದೆ. ಪ್ಲಗ್‌ಗೆ ಟೆಂಪರೇಚರ್ ಕಂಟ್ರೋಲರ್ ಹಾಕಿ 38 ಡಿಗ್ರಿಗೆ, ಅಂದರೆ 3.3 ಸೆಲ್ಸಿಯಸ್‌ಗೆ ಇಟ್ಟೆ. ನೋಡೋಕೆ ತುಂಬಾ ಚೆನ್ನಾಗಿತ್ತು.

ಟ್ಯಾಪ್ ಎಳೆದರೆ ಬುಸ್ ಅಂತ ನೊರೆ. ಆಗ ನೀವು ಮಾಡಿದ್ದನ್ನೇ ನಾನೂ ಮಾಡಿದೆ. ಪ್ರೆಷರ್ 12 ಇದ್ದದ್ದನ್ನು 8 ಮಾಡಿದೆ, ಆಮೇಲೆ 5. ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾದರೂ ಓದಿ.

ಬಿಯರ್ ಒಳಗೆ ಎಷ್ಟು ಗ್ಯಾಸ್ ಕರಗಿರುತ್ತದೆ ಅನ್ನುವುದು ಎರಡೇ ವಿಷಯದ ಮೇಲೆ ನಿಂತಿದೆ. ಎಷ್ಟು ತಣ್ಣಗಿದೆ, ಎಷ್ಟು ಒತ್ತಡ ಇದೆ. 38 ಡಿಗ್ರಿಯಲ್ಲಿ 11-12 ಪಿಎಸ್‌ಐ ಕೊಟ್ಟರೆ ಹತ್ತಿರ ಹತ್ತಿರ 2.5 ವಾಲ್ಯೂಮ್ ಗ್ಯಾಸ್ ಒಳಗಿರುತ್ತದೆ. ಅಂದರೆ ಬಿಯರ್ ಎಷ್ಟಿದೆಯೋ ಅದರ ಎರಡೂವರೆ ಪಟ್ಟು ಜಾಗ ಬೇಕಾಗುವಷ್ಟು ಕಾರ್ಬನ್ ಡೈಆಕ್ಸೈಡ್. ಅದು ತೆಪ್ಪಗೆ ಒಳಗೇ ಕೂತಿರುವುದು ಆ 12ರ ದೆಸೆಯಿಂದ. 5ಕ್ಕೆ ಇಳಿಸಿದರೆ ಒತ್ತಿ ಹಿಡಿಯುವವರು ಯಾರೂ ಇಲ್ಲ. ಗ್ಯಾಸ್ ಹೊರಗೆ ಬರೋಕೆ ಶುರು ಮಾಡುತ್ತದೆ. ಕೆಗ್‌ನಲ್ಲಷ್ಟೇ ಅಲ್ಲ, ಪೈಪಿನಲ್ಲೂ.

ನಂಬಿಕೆ ಇಲ್ಲದಿದ್ದರೆ ಬೆಳಿಗ್ಗೆ ಎದ್ದು, ಟ್ಯಾಪ್ ಮುಟ್ಟುವ ಮೊದಲು ಮುಚ್ಚಳ ತೆಗೆದು ಪೈಪಿಗೆ ಟಾರ್ಚ್ ಬಿಡಿ. ಕೆಳಗೆಲ್ಲ ಬಿಯರ್ ಬಂಗಾರದ ಬಣ್ಣಕ್ಕೆ ತುಂಬಿರುತ್ತದೆ. ಮೇಲೆ, ಟ್ಯಾಪ್ ಹತ್ತಿರ ಬಾಗಿದ ಕಡೆ, ಬೆರಳುದ್ದ ಖಾಲಿ. ಅದರ ಕೆಳಗೆ ಸ್ವಲ್ಪ ಬಿಯರ್, ಮತ್ತೆ ಖಾಲಿ. ಟ್ಯಾಪ್ ತೆಗೆದ ಕೂಡಲೇ ಗ್ಯಾಸೂ ಬಿಯರೂ ಕಲಸಿಕೊಂಡು ಲೋಟಕ್ಕೆ ಉಗುಳುತ್ತವೆ. ನೊರೆ ಕಮ್ಮಿ ಆಗಲಿ ಅಂತ ಪ್ರೆಷರ್ ಇಳಿಸಿದ್ದೇ ನೊರೆ ಜಾಸ್ತಿ ಆಗೋಕೆ ಕಾರಣ.

ಅಷ್ಟಕ್ಕೇ ಮುಗಿಯಲಿಲ್ಲ. ದಿನ ಕಳೆದಂತೆ ಕೆಗ್‌ನಲ್ಲಿದ್ದ ಬಿಯರೂ ಸಪ್ಪೆಯಾಯಿತು. ಮೇಲೆ ಅರ್ಧ ಲೋಟ ನೊರೆ, ಕೆಳಗೆ ಜೀವವಿಲ್ಲದ ಬಿಯರ್. ಓಹೋ, ಗ್ಯಾಸ್ ಸಾಲದು ಅಂದುಕೊಂಡು 30ಕ್ಕೆ ಏರಿಸಿ ಮರೆತುಬಿಟ್ಟೆ. ಈಗ ಬಿಯರ್‌ನಲ್ಲಿ ಗ್ಯಾಸ್ ವಿಪರೀತ. ಹೊಸ ರೆಗ್ಯುಲೇಟರ್ ತಂದೆ. ಅದೂ ಸಾಲದೆ ಹರಿವು ಹೆಚ್ಚು ಕಮ್ಮಿ ಮಾಡುವ ಫ್ಲೋ ಕಂಟ್ರೋಲ್ ಟ್ಯಾಪ್ ತಂದೆ. ದೀಪಾವಳಿಗೆ ಬಂದ ಸ್ನೇಹಿತರು ಜಗ್ ಸುತ್ತ ನಿಂತು ನೊರೆ ಇಳಿಯುವುದನ್ನೇ ಕಾದರು. "ಏನಪ್ಪಾ, ಇದನ್ನ ಫಿಲ್ಟರ್ ಕಾಫಿ ಥರ ಮೇಲಿಂದ ಎತ್ತಿ ಹೊಯ್ದೆಯಾ?" ಅಂತ ಒಬ್ಬ ಕೇಳಿದ. 5 ಗ್ಯಾಲನ್ ಕೆಗ್‌ನಲ್ಲಿ ಮುಕ್ಕಾಲು ಪಾಲು ಸಿಂಕಿಗೆ ಹೋಯಿತು.

ರೋಗ ಇದ್ದದ್ದು ಬೇರೆ ಕಡೆ. ಕಂಟ್ರೋಲರ್‌ಗೆ ತಂಪು ಅಳೆದು ಹೇಳುವ ಪ್ರೋಬ್ ಕೆಳಗೆ ಗಾಳಿಯಲ್ಲಿ ನೇತಾಡುತ್ತಿತ್ತು. ತಣ್ಣನೆ ಗಾಳಿ ಭಾರ, ತಳದಲ್ಲೇ ಕೂರುತ್ತದೆ. ಪ್ರೋಬ್ 38 ಅಂತ ಖುಷಿಯಾಗಿ ತೋರಿಸುವಾಗ ಕಾಲರ್ ಹತ್ತಿರ ಥರ್ಮಾಮೀಟರ್ ಇಟ್ಟರೆ 55. ಅದರ ಹೊರಗೆ ಗರಾಜ್‌ನ ಸೆಕೆಯಲ್ಲಿ ಕಾದ ಟ್ಯಾಪ್. ಕೆಗ್‌ನಿಂದ ತಣ್ಣಗೆ ಹೊರಟ ಬಿಯರ್ ಬೆಚ್ಚನೆ ಪೈಪು, ಬೆಚ್ಚನೆ ಟ್ಯಾಪು ತಾಗಿದ ತಕ್ಷಣ ಗ್ಯಾಸ್ ಬಿಡುತ್ತದೆ. ಹಾಗಿರುವಾಗ ಯಾವ ರೆಗ್ಯುಲೇಟರ್ ತಂದು ಏನು ಪ್ರಯೋಜನ?

ಪರೀಕ್ಷೆ ಸುಲಭ. ಒಂದು ಲೋಟ ಹಿಡಿಯಿರಿ, ನಿಲ್ಲಿಸದೆ ಇನ್ನೊಂದು ಹಿಡಿಯಿರಿ. ಮೊದಲನೆಯದು ನೊರೆ, ಎರಡನೆಯದು ಸರಿ ಅಂದರೆ ಬಹುಮಟ್ಟಿಗೆ ಪೈಪು, ಟ್ಯಾಪು ಬೆಚ್ಚಗಿವೆ ಅಂತ ಅರ್ಥ. ಎರಡೂ ನೊರೆ ಅಂದರೆ ಬಿಯರ್‌ನಲ್ಲೇ ಗ್ಯಾಸ್ ಜಾಸ್ತಿ, ಇಲ್ಲವೇ ಪೈಪ್ ಗಿಡ್ಡ, ಇಲ್ಲವೇ ಎಲ್ಲೋ ಮಡಚಿಕೊಂಡಿದೆ. ಟ್ಯಾಪ್ ಬಿಚ್ಚಿ ಒಳಗೆ ಕೊಳೆ ಕಟ್ಟಿದೆಯಾ ಅಂತಲೂ ನೋಡಿಬಿಡಿ.

ಬೆಚ್ಚಗಿದ್ದರೆ ಮದ್ದು ಒಂದು ಫ್ಯಾನ್. ಹಳೇ ಕಂಪ್ಯೂಟರ್‌ನ 12 ವೋಲ್ಟ್ ಫ್ಯಾನ್ ಸಾಕು, ಮೂಲೆಯಲ್ಲಿ ಬಿದ್ದಿರುವ ಯಾವುದೋ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಸಾಕು. ತಳದ ಗಾಳಿ ಎಳೆದು ಕಾಲರ್ ಕಡೆ ಊದುವ ಹಾಗೆ ನಿಲ್ಲಿಸಿ, ಸದಾ ಓಡುತ್ತಿರಲಿ. ಪ್ರೋಬ್ ಅನ್ನು ಕೆಗ್ ಮೈಗೆ ಟೇಪ್ ಹಾಕಿ ಅಂಟಿಸಿ, ಮೇಲೆ ಒಂದು ತುಂಡು ಫೋಮ್ ಇಡಿ. ಗಾಳಿಯ ಬದಲು ಬಿಯರ್‌ನ ತಂಪು ಅಳೆದರೆ ಕಂಪ್ರೆಸರ್ ಕೂಡ ಪದೇ ಪದೇ ಆನ್ ಆಫ್ ಆಗುವುದಿಲ್ಲ.

ಆಮೇಲೆ ಪೈಪ್. ಕಿಟ್ ಜೊತೆ ಬರುವ 5 ಅಡಿ ಪೈಪ್ ಕಸಕ್ಕೆ ಹಾಕಿ ಅಂತಲೇ ನಾನು ಹೇಳುವುದು. ಪೈಪ್ ಉದ್ದವಿದ್ದಷ್ಟೂ ಒತ್ತಡ ಇಳಿದು ಬಿಯರ್ ನಿಧಾನಕ್ಕೆ ಬರುತ್ತದೆ. ಒಂದಡಿಗೆ 3 ಪಿಎಸ್‌ಐ ಇಳಿಯುತ್ತದೆ ಅನ್ನುವ ಲೆಕ್ಕ ನಂಬಿಕೊಂಡರೆ 12ಕ್ಕೆ 4 ಅಡಿ ಸಾಕಾಗಬೇಕು. ಮನೆಯಲ್ಲಿ ಅದು ಯಾವತ್ತೂ ಸಾಕಾಗಲ್ಲ. 3/16 ಇಂಚಿನ ವಿನೈಲ್ ಪೈಪ್ 10 ಅಡಿ ಹಾಕಿ. ಹರಿವು ನಿಧಾನ ಅನ್ನಿಸಿದರೆ ಕತ್ತರಿಸಬಹುದು, ಗಿಡ್ಡ ಆದರೆ ಉದ್ದ ಮಾಡೋಕಾಗಲ್ಲ, ಅಲ್ವಾ?

ಸಿಲಿಂಡರ್ ಮುಳ್ಳಿನ ಬಗ್ಗೆ: ಹೊರಗಿದ್ದ ಸಿಲಿಂಡರ್ ಅನ್ನು ಫ್ರೀಜರ್ ಒಳಗೆ ಇಟ್ಟಿರಿ ತಾನೇ? ರೂಮಿನ ಬಿಸಿಗೆ 800 ಪಿಎಸ್‌ಐ ಮೇಲಿರುವ ಮುಳ್ಳು ತಣ್ಣಗಾದಾಗ 500 ಚಿಲ್ಲರೆಗೆ ಇಳಿಯುತ್ತದೆ. ಅದು ಲೀಕ್ ಅಲ್ಲ. ಒಳಗಿರುವುದು ದ್ರವ, ಅದು ಮುಗಿಯುವವರೆಗೂ ಮುಳ್ಳು ಏನೂ ಹೇಳುವುದಿಲ್ಲ. ಎಷ್ಟು ಉಳಿದಿದೆ ಅಂತ ಬೇಕಾದರೆ ತೂಕ ಮಾಡಿ, ಖಾಲಿ ತೂಕ ಸಿಲಿಂಡರ್ ಕತ್ತಿನ ಹತ್ತಿರ ಕೊರೆದಿರುತ್ತದೆ. ಆದರೂ ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಹಚ್ಚಿ ನೋಡುವುದು ಒಳ್ಳೆಯದು. ನಿಜವಾಗಿ ಲೀಕ್ ಇದ್ದರೆ ಗ್ಯಾಸ್ ಫ್ರೀಜರ್ ತಳದಲ್ಲಿ ತುಂಬಿಕೊಂಡಿರುತ್ತದೆ. ಮುಚ್ಚಳ ತೆಗೆದ ಕೂಡಲೇ ತಲೆ ಒಳಗೆ ಹಾಕಬೇಡಿ, ಗಾಳಿಯಾಡಲು ಬಿಡಿ. ಇದೊಂದು ವಿಷಯದಲ್ಲಿ ತಮಾಷೆ ಬೇಡ.

ಕೆಳಗೆ ಕಾಮೆಂಟ್‌ನಲ್ಲಿ ಯಾರೋ ಬೆಂಗಳೂರಲ್ಲಿ ಮನೆಯಲ್ಲೇ ಬಿಯರ್ ಮಾಡಬಹುದಾ ಅಂತ ಕೇಳಿದ್ದಾರೆ. ಇಲ್ಲಿ ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ಫೆಡರಲ್ ಕಾನೂನಿನ ಒಪ್ಪಿಗೆ ಇದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ, ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರುತ್ತಾರೆ. ಅಲ್ಲಿ ಬೇಡ.

ಈಗಿರುವ ಕೆಗ್ ಚೆಲ್ಲಬೇಡಿ. ಫ್ಯಾನ್ ಹಾಕಿ, ಪೈಪ್ ಬದಲಿಸಿ, ಪ್ರೆಷರ್ 12ಕ್ಕೆ ತಂದು ಒಂದೆರಡು ವಾರ ಕೈ ಹಚ್ಚದೆ ಬಿಡಿ. 30ಕ್ಕೆ ಏರಿಸಿ ಕೆಗ್ ಅಲ್ಲಾಡಿಸಿದರೆ ಬೇಗ ಆಗುತ್ತದೆ ಅಂತ ಹೇಳುವವರು ಇದ್ದಾರೆ, ಅವರ ಮಾತು ಕೇಳಬೇಡಿ. ಈ ಶನಿವಾರ ಯಾರನ್ನಾದರೂ ಕರೆದಿದ್ದರೆ ಅಂಗಡಿಯಿಂದ ಬಾಟಲಿ ತನ್ನಿ.