ರೀಬ್ರೀದರ್ ಒಳಗೆ ನೀರು ನುಗ್ಗುವುದು ಎಷ್ಟು ಸಾಮಾನ್ಯ? ತಡೆಯುವುದು ಹೇಗೆ?

ನೀವು ಬರೆದಿದ್ದು ಇಷ್ಟು: ಊರು ಶಿವಮೊಗ್ಗ, ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದ್ದೀರಿ, ಈಗ ಪರಿಚಯದವರೊಬ್ಬರು ಹಳೆಯ ರೀಬ್ರೀದರ್ ಮಾರುತ್ತಿದ್ದಾರೆ. ಅಂದರೆ, ಬಿಟ್ಟ ಉಸಿರನ್ನೇ ಶುದ್ಧಮಾಡಿ, ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಸಾಧನ. ಅದರೊಳಗೆ ನೀರು ಹೋದರೆ ಪ್ರಾಣಕ್ಕೇ ಅಪಾಯ ಅಂತ ಎಲ್ಲೋ ಓದಿ ಹೆದರಿದ್ದೀರಿ. ನಾನು ಸಾಗರದ ಕಡೆಯವನು. ಕೆಲಸ ಅಂಡಮಾನಿನಲ್ಲಿ, ಮಳೆಗಾಲಕ್ಕೆ ಊರು. ಯೂನಿಟ್ಟೂ ನನ್ನ ಜೊತೆಗೇ ಬರುತ್ತದೆ. ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಲೂಪ್ (ಉಸಿರು ಸುತ್ತುವ ಹೋಸ್, ಚೀಲಗಳ ದಾರಿ) ಪೂರ್ತಿ ತುಂಬುವಷ್ಟು ನೀರು ನುಗ್ಗುವುದು ಅಪರೂಪ. ಸ್ವಲ್ಪ ನೀರು ಸೇರಿಕೊಳ್ಳುವುದು ಮಾಮೂಲಿ. ಇನ್ನೊಂದು ಮಾತು, ನೀರು ಒಳಗೆ ಬರುವುದು ಸಮುದ್ರದಲ್ಲಿ ಆದರೂ ದಾರಿ ಆಗುವುದು ಜೋಡಿಸುವ ಮೇಜಿನ ಮೇಲೆ. ಹೆಚ್ಚಿನವು ಜೋಡಿಸಿದವನ ಕೈಯಿಂದಲೋ ಬಾಯಿಂದಲೋ ಆಗುವಂಥವು.

ನೂರಕ್ಕೆ ಇಷ್ಟು ಡೈವ್ ಅಂತ ಲೆಕ್ಕ ಕೇಳಬೇಡಿ. ಸಾವಿನ ಲೆಕ್ಕ ಇಡುತ್ತಾರೆ. 1998ರಿಂದ 2010ರವರೆಗೆ ಹವ್ಯಾಸಿ ರೀಬ್ರೀದರ್ ಡೈವರ್‌ಗಳ 181 ಸಾವು ದಾಖಲಾಗಿವೆ. ಆದರೆ ನೀರು ನುಗ್ಗಿದ್ದಕ್ಕೆ ಡೈವ್ ಬಿಟ್ಟು ಮೇಲೆ ಬಂದವನು ಯೂನಿಟ್ ತೊಳೆದು ಒಣಗಿಸಿ ಸುಮ್ನೆ ಇದ್ದುಬಿಡುತ್ತಾನೆ. ಯಾರಿಗೆ ಹೇಳುತ್ತಾನೆ? ಎಷ್ಟು ಡೈವ್ ಆಯಿತು ಅನ್ನುವುದನ್ನೂ ಯಾರೂ ಒಟ್ಟು ಮಾಡುವುದಿಲ್ಲ. ಅದಕ್ಕೇ ಯಾರಾದರೂ ಖಡಕ್ಕಾಗಿ ಶೇಕಡಾವಾರು ಹೇಳಿದರೆ ನಂಬಬೇಡಿ.

ಹೋಸ್ ಬಗ್ಗಿಸಿದಾಗ ನಾಲ್ಕಾರು ಚಮಚ ನೀರು ಬಂತು ಅಂತ ಹೊಸಬರು ಗಾಬರಿಯಾಗುತ್ತಾರೆ. ಅದು ಸೋರಿಕೆಯೇ ಆಗಿರಬೇಕೆಂದಿಲ್ಲ. ನಮ್ಮ ಉಸಿರಿನಲ್ಲೇ ತೇವ ಇದೆ. ಉಸಿರು ಶುದ್ಧಮಾಡುವ ಭಾಗ, ಅಂದರೆ ಸ್ಕ್ರಬರ್‌ನಲ್ಲಿರುವ ಸುಣ್ಣ ಕಾರ್ಬನ್ ಡೈಆಕ್ಸೈಡ್ ಹೀರುವಾಗ ಬಿಸಿಯೂ ನೀರೂ ಹುಟ್ಟುತ್ತವೆ. ಹೊರಗೆ ತಣ್ಣನೆ ನೀರಿದ್ದರೆ ಆ ಹಬೆ ಹೋಸ್ ಒಳಗೆ ಹನಿಯಾಗುತ್ತದೆ. ಜೊಲ್ಲೂ ಸೇರುತ್ತದೆ ಅನ್ನಿ. ಇದಕ್ಕಾಗಿಯೇ ಎಷ್ಟೋ ಯೂನಿಟ್‌ಗಳಲ್ಲಿ ನೀರು ನಿಲ್ಲಲು ಬೇರೆ ಜಾಗ ಇರುತ್ತದೆ. ನಿಮ್ಮ ಯೂನಿಟ್‌ನಲ್ಲಿ ಮಾಮೂಲಿಯಾಗಿ ಎಷ್ಟು ಬರುತ್ತದೆ ಅಂತ ಪ್ರತಿ ಡೈವ್ ಆದ ಮೇಲೆ ನೋಡಿಕೊಳ್ಳಿ. ಒಂದು ದಿನ ಜಾಸ್ತಿ ಬಂದರೆ ಆಗ ತಿಳಿಯುತ್ತದೆ. ನೀರಿನ ರುಚಿ ಉಪ್ಪಾಗಿದೆಯಾ ಅಂತ ಮಾತ್ರ ನಾಲಿಗೆಗೆ ಇಟ್ಟು ನೋಡಬೇಡಿ.

ಯಾಕೆಂದರೆ ಆ ಸುಣ್ಣ. ಅದು ಬಹುಪಾಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಕವಳದ ಸುಣ್ಣವೇ. ಜೊತೆಗೆ ಸ್ವಲ್ಪ ಕಾಸ್ಟಿಕ್ ಸೋಡಾ ಇರುತ್ತದೆ. ಎಲೆಗೆ ಸುಣ್ಣ ಒಂದು ಚೂರು ಜಾಸ್ತಿಯಾದರೆ ನಾಲಿಗೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಇಲ್ಲಿ ಅದು ಕಿಲೋಗಟ್ಟಲೆ ಇದೆ. ನೀರು ಅದರ ಮೂಲಕ ಹಾದು ಬಾಯಿಗೆ ಬಂದರೆ ಗಂಟಲು ಸುಡುತ್ತದೆ. ಸುಣ್ಣ ನೆಂದು ಮುದ್ದೆಯಾದರೆ ಉಸಿರು ಸರಾಗ ಹಾಯುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಹೀರುವ ಕೆಲಸವೂ ಕೆಡುತ್ತದೆ. ಆಗ ಏದುಸಿರು, ತಲೆನೋವು, ತಲೆ ಮಂಕಾಗುವುದು ಶುರು. ಆಕ್ಸಿಜನ್ ಸೆನ್ಸರ್ ಒದ್ದೆಯಾದರೆ ತಪ್ಪು ಅಂಕಿ ತೋರಿಸುತ್ತದೆ. ಮೇಲಾಗಿ ಲೂಪ್‌ಗೆ ಒಂದು ಲೀಟರ್ ನೀರು ಬಂದರೆ ತೇಲುವ ಶಕ್ತಿ ಸುಮಾರು ಒಂದು ಕಿಲೋ ಕಡಿಮೆ. ನಾಲ್ಕೈದು ಲೀಟರ್ ತುಂಬಿದರೆ ಕಲ್ಲು ಕಟ್ಟಿಕೊಂಡ ಹಾಗೆ ಇಳಿಯುತ್ತೀರಿ.

ಈಗ ದಾರಿಗಳು. ಮೊದಲನೆಯದು ಮೌತ್‌ಪೀಸ್. ಅದರ ವಾಲ್ವ್ ಮುಚ್ಚದೆ ಬಾಯಿಂದ ತೆಗೆದರೆ ಮುಗಿಯಿತು. ಇದು ಆಳದಲ್ಲಿ ಆಗುವುದಕ್ಕಿಂತ ಮೇಲೆ ಬಂದು ದೋಣಿಯವನ ಜೊತೆ ಮಾತಾಡುವಾಗ ಆಗುವುದು ಜಾಸ್ತಿ. ಮಾತು ಆಮೇಲೆ, ವಾಲ್ವ್ ಮೊದಲು. ಮೌತ್‌ಪೀಸ್ ಬಾಯಲ್ಲೇ ನಿಲ್ಲುವಂತೆ ತಲೆಗೆ ಹಾಕುವ ಪಟ್ಟಿ ಬರುತ್ತದೆ, ಅದನ್ನು ಹಾಕಿಕೊಳ್ಳಿ. ಫ್ರೆಂಚ್ ಸೇನಾ ಡೈವರ್‌ಗಳ 1979ರಿಂದ 2009ರವರೆಗಿನ 153 ರೀಬ್ರೀದರ್ ಅವಘಡಗಳನ್ನು ಪರಿಶೀಲಿಸಿದ ಒಂದು ವರದಿ ಇದೆ. 54 ಸಲ ಡೈವರ್ ಪ್ರಜ್ಞೆ ತಪ್ಪಿದ್ದ, ಮುಳುಗಿ ಸತ್ತವರು 3 ಜನ. ಅವರು ಪಟ್ಟಿ ಹಾಕುತ್ತಾರೆ, ಜೋಡಿಯಾಗಿ ಇಳಿಯುತ್ತಾರೆ. ಹವ್ಯಾಸಿಗಳಲ್ಲಿ ಪಟ್ಟಿ ಅಂದರೆ ಮುಖ ಸಿಂಡರಿಸುವವರೇ ಜಾಸ್ತಿ. ಯಾಕೋ ನನಗೆ ಅರ್ಥವಾಗಿಲ್ಲ.

ಆಮೇಲೆ ಸಂದು ಬಿಗಿಯಾಗಿ ಮುಚ್ಚುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು. ಸುಣ್ಣ ತುಂಬುವ ಡಬ್ಬಿ, ಅಂದರೆ ಕ್ಯಾನಿಸ್ಟರ್ ಮುಚ್ಚಳದ ಓ-ರಿಂಗ್ ಮೇಲೆ ಒಂದು ಕೂದಲು, ಮರಳಿನ ಕಣ, ತುಂಬುವಾಗ ಚೆಲ್ಲಿದ ಸುಣ್ಣದ ಕಾಳು, ಇಷ್ಟು ಸಾಕು. ತೆಗೆದು, ಒರೆಸಿ, ಬೆರಳಲ್ಲಿ ಸವರಿ ನೋಡಿ, ತೆಳ್ಳಗೆ ಗ್ರೀಸ್ ಹಚ್ಚಿ ಕೂರಿಸಿ. ಗ್ರೀಸ್ ಆಕ್ಸಿಜನ್‌ಗೆ ಹೊಂದುವಂಥದ್ದೇ ಇರಬೇಕು. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹತ್ತಿರ ತರಬೇಡಿ, ಒತ್ತಡದ ಆಕ್ಸಿಜನ್ ಇರುವ ಕಡೆ ಎಣ್ಣೆ ಜಿಡ್ಡು ಇದ್ದರೆ ಬೆಂಕಿ ಹತ್ತಬಹುದು. ಹೆಚ್ಚಾದ ಗಾಳಿ ಬಿಡುವ ವಾಲ್ವ್‌ನಲ್ಲಿ ಕಸ ಸಿಕ್ಕರೂ ನೀರು ಜಿನುಗುತ್ತದೆ.

ಜೋಡಿಸಿದ ಮೇಲೆ ಎರಡು ಪರೀಕ್ಷೆ. ಲೂಪ್ ಒಳಗಿನ ಗಾಳಿಯನ್ನು ಬಾಯಿಂದ ಎಳೆದು ವಾಲ್ವ್ ಮುಚ್ಚಿ. ಹೋಸ್‌ಗಳು ಕುಗ್ಗಿ, ಹಾಗೇ ನಿಲ್ಲಬೇಕು. ಇನ್ನೊಂದರಲ್ಲಿ ಗಾಳಿ ತುಂಬಿ ಬಿಗಿಯಾಗಿಸಿ ಇಳಿಯುತ್ತದೆಯಾ ನೋಡಬೇಕು. ಒಂದು ಸಾಲದು, ಕೆಲವು ಸಂದುಗಳು ಎಳೆದಾಗ ಕಚ್ಚಿಕೊಂಡು, ಊದಿದಾಗ ಬಿಡುತ್ತವೆ. ಕೆಲವು ಇದರ ಉಲ್ಟಾ. ಎಷ್ಟು ಹೊತ್ತು ಕಾಯಬೇಕು ಅಂತ ನಿಮ್ಮ ಯೂನಿಟ್‌ನ ಪುಸ್ತಕದಲ್ಲಿ ಇರುತ್ತದೆ, ಅದಕ್ಕಿಂತ ಬೇಗ ಏಳಬೇಡಿ.

ಈ ಎರಡರಲ್ಲೂ ಒಂದು ಕುರುಡು ಜಾಗ ಇದೆ, ಬಹಳ ಜನ ಗಮನಿಸುವುದಿಲ್ಲ. ಎರಡನ್ನೂ ಮಾಡುವುದು ಮೌತ್‌ಪೀಸ್ ವಾಲ್ವ್ ಮುಚ್ಚಿಕೊಂಡು. ಹಾಗಾಗಿ ವಾಲ್ವ್‌ನಿಂದ ಹೊರಗಿರುವ, ನೀವು ಹಲ್ಲಲ್ಲಿ ಕಚ್ಚುವ ರಬ್ಬರ್ ಹರಿದಿದ್ದರೆ, ಅದರ ಟೈ ಸಡಿಲವಾಗಿದ್ದರೆ ಎರಡೂ ಪಾಸ್ ಆಗುತ್ತವೆ. ಅದನ್ನು ಕೈಯಲ್ಲಿ ಎಳೆದು, ಬಗ್ಗಿಸಿಯೇ ನೋಡಬೇಕು. ಇನ್ನು, ಸಾಗರದಲ್ಲಿ ಜೋಡಿಸಿಕೊಂಡು ಹೊನ್ನಾವರದ ಘಾಟಿ ಇಳಿದು ಮುರುಡೇಶ್ವರಕ್ಕೆ ಹೋದರೆ ಮನೆಯಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ದಡದಲ್ಲಿ ಮತ್ತೆ ಮಾಡಿ. ನೀರಿಗಿಳಿದ ಮೇಲೂ ನಾಲ್ಕೈದು ಮೀಟರ್‌ನಲ್ಲಿ ನಿಂತು ಜೊತೆಗಾರನಿಂದ ಗುಳ್ಳೆ ನೋಡಿಸಿಕೊಳ್ಳಿ.

ಇಷ್ಟಾದರೂ ನೀರು ಬಂದರೆ? ಉಸಿರಾಡುವಾಗ ಗುಳುಗುಳು ಸದ್ದು, ಉಸಿರು ಎಳೆಯಲು ಕಷ್ಟ, ಬಾಯಲ್ಲಿ ಸೋಪಿನಂಥ ರುಚಿ. ತಕ್ಷಣ ವಾಲ್ವ್ ಮುಚ್ಚಿ, ತುರ್ತಿಗೆಂದು ಬೇರೆಯಾಗಿ ಒಯ್ಯುವ ಬೇಲ್‌ಔಟ್ ಸಿಲಿಂಡರ್‌ಗೆ ಬನ್ನಿ. ತಲೆ ಕೆಳಗೆ ಮಾಡಬೇಡಿ, ನೀರು ಬಾಯಿಯ ಕಡೆಗೆ ಬರಬಹುದು. ಸ್ವಲ್ಪ ನೀರಿದ್ದರೆ ಹೊರಹಾಕುವ ವಿಧಾನ ಕೆಲವು ಯೂನಿಟ್‌ಗಳಲ್ಲಿ ಇದೆ, ಕೋರ್ಸ್‌ನಲ್ಲಿ ಕಲಿಸುತ್ತಾರೆ. ಸುಣ್ಣದ ನೀರು ಬಾಯಿಗೆ ಬಂದ ಮೇಲೆ ಅದನ್ನು ಪ್ರಯತ್ನಿಸಬೇಡಿ. ಅಲ್ಲೇ ಇರುವ ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಿ, ಮೇಲೆ ಬಂದ ಮೇಲೆ ಸಿಹಿ ನೀರಲ್ಲಿ ತುಂಬಾ ಹೊತ್ತು ಮುಕ್ಕಳಿಸಿ. ಸುಣ್ಣಕ್ಕೆ ಹುಳಿ ಮದ್ದು ಅಂತ ನಿಂಬೆರಸ, ವಿನೆಗರ್ ಹಾಕಬೇಡಿ. ವಾಂತಿ ಮಾಡಿಸಬೇಡಿ. ನುಂಗಿದ್ದರೆ ಆಸ್ಪತ್ರೆ.

ನಮ್ಮ ಕಡೆಯ ಎರಡು ತೊಂದರೆಗಳು. ಜೂನ್‌ನಿಂದ ಇಲ್ಲಿ ಏನೂ ಒಣಗುವುದಿಲ್ಲ, ಕೌಂಟರ್‌ಲಂಗ್ (ಉಸಿರು ತುಂಬುವ ಚೀಲ) ಒಳಗೆ ಬೂಷ್ಟು ಬರುತ್ತದೆ. ಹಾಗಂತ ಬಚ್ಚಲೊಲೆಯ ಮೇಲೆ ತೂಗುಹಾಕಬೇಡಿ ಮಾರಾಯ್ರೆ, ಹೊಗೆಗೆ, ಬಿಸಿಗೆ ರಬ್ಬರ್ ಸೀಳುತ್ತದೆ. ಸೋಂಕುನಾಶಕದಲ್ಲಿ ತೊಳೆದು, ಒಳಗೆ ಗಾಳಿ ಹೋಗುವಂತೆ ಸಣ್ಣ ಫ್ಯಾನ್ ಇಡಿ. ಎರಡನೆಯದು ಶರಾವತಿ ಹಿನ್ನೀರು. ಅದರ ನುಣ್ಣನೆ ಕೆಸರು ಓ-ರಿಂಗ್‌ಗೆ ಮರಳಿಗಿಂತ ಕೆಟ್ಟದ್ದು, ಕಣ್ಣಿಗೇ ಕಾಣುವುದಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಅಂದರೆ ಸುಮಾರು 554 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರದ ಮಟ್ಟದ್ದಲ್ಲ, ಸೆನ್ಸರ್ ಅಲ್ಲಿಗೇ ಹೊಂದಿಸಬೇಕು. ಅನುಮತಿ ಇಲ್ಲದೆ ಇಳಿಯುವ ಮಾತೇ ಬೇಡ.

ಹಳೆಯ ಯೂನಿಟ್ ವಿಷಯ. ನೇತ್ರಾಣಿಗೆ ಮಾತ್ರ ಹೋಗುವುದಾದರೆ ಬೇಡ, ಮಾಮೂಲಿ ಸ್ಕೂಬಾ ಸಿಲಿಂಡರ್ ಸಾಕು. ತೆಗೆದುಕೊಳ್ಳುವುದೇ ಅಂತಾದರೆ ಹೋಸ್‌ನ ಮಡಿಕೆಗಳನ್ನು ಎಳೆದು ಬಿಡಿಸಿ ಬಿರುಕು ನೋಡಿ. ಕ್ಯಾನಿಸ್ಟರ್ ಅಂಚಿನಲ್ಲಿ ಗೀರು ಇದೆಯಾ ಅಂತ ಉಗುರಾಡಿಸಿ ನೋಡಿ. ಸೆನ್ಸರ್‌ಗಳ ತಾರೀಕು ಕೇಳಿ, ತಾರೀಕು ಮೀರಿದ್ದರೆ ಹೊಸದರ ಬೆಲೆ ಕಳೆದು ಮಾತಾಡಿ. ಎರಡೂ ಪರೀಕ್ಷೆಗಳನ್ನು ನಿಮ್ಮ ಕಣ್ಣೆದುರೇ ಮಾಡಿ ತೋರಿಸಲಿ. ಅದೇ ಮಾದರಿಗೆ ಕೋರ್ಸ್ ಹೇಳಿಕೊಡುವವರು ಸಿಕ್ಕ ಮೇಲೆ ದುಡ್ಡು ಕೊಡಿ, ಒಂದು ಮಾದರಿಯ ತರಬೇತಿ ಇನ್ನೊಂದಕ್ಕೆ ನಡೆಯುವುದಿಲ್ಲ.